ಮೂಳೆ ಟೊಳ್ಳಾಗಿದೆ, ಅಕ್ಯುಪಂಕ್ಚರ್ ಮಾಡಿಸಿದರೆ ಮಾತ್ರೆ ಬಿಡಬಹುದೇ?

ಪ್ರಶ್ನೆ: ಡಾಕ್ಟರೇ, ನನಗೆ 58 ವರ್ಷ. 49ಕ್ಕೆ ಮುಟ್ಟು ನಿಂತಿತು. ಹೋದ ತಿಂಗಳು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಬೆನ್ನುಮೂಳೆಯ ಟಿ ಸ್ಕೋರ್ (ಹರೆಯದವರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.8 ಬಂತು. ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಬರೆದುಕೊಟ್ಟಿದ್ದಾರೆ. ಅದರಿಂದ ದವಡೆ ಮೂಳೆ ಕೊಳೆಯುತ್ತದೆ ಎಂದು ಓದಿ ಹೆದರಿಕೆಯಾಗಿ ಇನ್ನೂ ಶುರು ಮಾಡಿಲ್ಲ. ನನ್ನ ನಾದಿನಿಗೂ ಮೂಳೆ ಸವೆತ ಇತ್ತು. ಅಕ್ಯುಪಂಕ್ಚರ್ ಮಾಡಿಸಿ ಪೂರ್ತಿ ಗುಣವಾಯಿತು ಅನ್ನುತ್ತಾಳೆ. ವಾರಕ್ಕೆ ಎರಡು ಸಲದಂತೆ ಮೂರು ತಿಂಗಳು ಬಂದರೆ ಮೂಳೆಯ ಸಾಂದ್ರತೆ ಏರುತ್ತದೆ, ಮಾತ್ರೆ ಬೇಕಿಲ್ಲ ಎಂದು ಅಲ್ಲಿ ಹೇಳಿದರಂತೆ. ನಾನೂ ಹೋಗಲೇ?

ಉತ್ತರ:

ಹೋಗಬೇಕು ಅನ್ನಿಸಿದರೆ ಖಂಡಿತ ಹೋಗಿ. ಆದರೆ ಮಾತ್ರೆಯ ಬದಲಿಗೆ ಹೋಗಬೇಡಿ. ನೇರ ಉತ್ತರ ಇಷ್ಟೇ. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ತುಂಬ ಜನ ಕೇಳುತ್ತಾರೆ. ಕೇಳದೆಯೇ ಮಾತ್ರೆ ಬಿಟ್ಟವರೂ ಇದ್ದಾರೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ನಿಮ್ಮ ನಾದಿನಿಯ ವಿಷಯ. ಅವರಿಗೆ ಇದ್ದದ್ದು ಯಾವ ಮೂಳೆ ಸವೆತ ಎಂದು ಕೇಳಿ ನೋಡಿ. ನಮ್ಮ ಮಾತಿನಲ್ಲಿ ಈ ಒಂದೇ ಪದ ಎರಡು ಬೇರೆ ಕಾಯಿಲೆಗಳಿಗೆ ಅಂಟಿಕೊಂಡಿದೆ. ಮಂಡಿಯ ಕೀಲಿನಲ್ಲಿ ಮೂಳೆಯ ತುದಿಗೆ ಮೆತ್ತಗಿನ ಹೊದಿಕೆ ಇರುತ್ತದೆ. ಅದು ತೆಳುವಾಗಿ, ಮೆಟ್ಟಿಲು ಹತ್ತಿ ಇಳಿಯುವಾಗ ನೋಯುತ್ತದಲ್ಲ, ಅದು ಆಸ್ಟಿಯೋಆರ್ಥ್ರೈಟಿಸ್. ಅದನ್ನೂ ಮೂಳೆ ಸವೆತ ಅನ್ನುತ್ತೇವೆ. ನಿಮಗೆ ಬಂದಿರುವುದು ಆಸ್ಟಿಯೋಪೊರೋಸಿಸ್. ಇದರಲ್ಲಿ ಕೀಲು ಸರಿಯಾಗಿಯೇ ಇರಬಹುದು, ಮೂಳೆ ಒಳಗಿನಿಂದ ಟೊಳ್ಳಾಗುತ್ತಾ ಹೋಗುತ್ತದೆ. ಇದನ್ನೂ ಮೂಳೆ ಸವೆತ ಎಂದೇ ಕರೆಯುತ್ತೇವೆ. ಮೊದಲನೆಯದು ನೋಯುವ ಕಾಯಿಲೆ. ಎರಡನೆಯದು ಮೂಳೆ ಮುರಿಯುವವರೆಗೂ ನೋಯುವುದಿಲ್ಲ.

ಇದು ಬರೀ ಪದದ ಗೊಂದಲ ಅಲ್ಲ. ನಿಮ್ಮ ನಾದಿನಿಗೆ ಮಂಡಿನೋವಿದ್ದು ಸೂಜಿಯಿಂದ ಆರಾಮ ಸಿಕ್ಕಿದ್ದರೆ, ಅವರು ಹೇಳುತ್ತಿರುವುದು ನಿಜವೇ ಇರಬಹುದು. ನೋವಿನ ವಿಷಯದಲ್ಲಿ ಅಕ್ಯುಪಂಕ್ಚರ್ ಕೆಲವರಿಗೆ ಉಪಯೋಗಕ್ಕೆ ಬರುತ್ತದೆ. ಆದರೆ ನಿಮಗೆ ಈಗ ನೋವೇ ಇಲ್ಲವಲ್ಲ. ‘ನೋವು ಹೋಯಿತು, ಹಾಗಾಗಿ ಗುಣವಾಯಿತು’ ಎಂಬ ಅಳತೆಗೋಲು ನಿಮ್ಮ ಕಾಯಿಲೆಗೆ ಹೊಂದುವುದೇ ಇಲ್ಲ. ಬೆನ್ನುಮೂಳೆಯಲ್ಲಿ ಆಗುವ ಕುಸಿತಗಳಲ್ಲೂ ಸುಮಾರು ಮೂರರಲ್ಲಿ ಎರಡು ಯಾರ ಗಮನಕ್ಕೂ ಬರುವುದಿಲ್ಲ. ಸ್ವಲ್ಪ ಬೆನ್ನು ಹಿಡಿದುಕೊಂಡಿತ್ತು ಅಷ್ಟೇ ಅಂದುಕೊಂಡು ಸುಮ್ಮನಾಗಿರುತ್ತಾರೆ. ವರ್ಷಗಳ ನಂತರ ಬೇರೇನಕ್ಕೋ ತೆಗೆದ ಎಕ್ಸ್‌ರೇಯಲ್ಲಿ ಅದು ಕಾಣುತ್ತದೆ.

ಬೆನ್ನುಮೂಳೆ ಒಂದರ ಮೇಲೊಂದು ಪೇರಿಸಿದ ಮಣಿಗಳ ಸಾಲು. ಒಂದು ಮಣಿಯನ್ನು ಸೀಳಿ ನೋಡಿದರೆ ಒಳಗೆ ಗಟ್ಟಿ ಕಲ್ಲಿನಂಥ ಮೂಳೆ ಇರುವುದಿಲ್ಲ. ಸಣ್ಣ ಸಣ್ಣ ಹಾಳೆಗಳು, ಕಡ್ಡಿಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಮನೆ ಕಟ್ಟುವಾಗ ತಾರಸಿಗೆ ಕೆಳಗಿನಿಂದ ಆಸರೆ ಕೊಡುತ್ತಾರಲ್ಲ, ಹಾಗೆ. ನಿಂತ ಕಡ್ಡಿಗಳು ಭಾರ ಹೊರುತ್ತವೆ. ಅಡ್ಡ ಕಡ್ಡಿಗಳು ಅವು ಬಾಗದಂತೆ ಹಿಡಿದಿಡುತ್ತವೆ. ಮುಟ್ಟು ನಿಂತ ಮೇಲೆ ಮೊದಲು ತೆಳುವಾಗಿ ಕಡಿದುಹೋಗುವುದು ಹೆಚ್ಚಾಗಿ ಈ ಅಡ್ಡ ಕಡ್ಡಿಗಳೇ. ಒಂದು ಸಲ ಕಡಿದ ಕೊಂಡಿ ಮತ್ತೆ ಕೂಡಿಕೊಳ್ಳುವುದು ಬಹಳ ಕಷ್ಟ, ಯಾಕೆಂದರೆ ಹೊಸ ಮೂಳೆ ಕಟ್ಟುವ ಜೀವಕೋಶಗಳಿಗೆ ಕೂರಲು ಅಲ್ಲಿ ಹಳೆಯ ಮೂಳೆಯ ಮೇಲ್ಮೈಯೇ ಉಳಿದಿರುವುದಿಲ್ಲ. ಆದ್ದರಿಂದಲೇ ಈ ಕಾಯಿಲೆಯಲ್ಲಿ ಸಮಯಕ್ಕೆ ಇಷ್ಟು ಬೆಲೆ. ಮೂರು ತಿಂಗಳು ನೋಡೋಣ, ಆಗದಿದ್ದರೆ ಆಮೇಲೆ ಮಾತ್ರೆ ಶುರು ಮಾಡೋಣ ಅನ್ನುವ ಲೆಕ್ಕ ನನಗೆ ಸರಿಬರದಿರುವುದೂ ಇದಕ್ಕೇ. ಮೂರು ತಿಂಗಳಷ್ಟೇ ಆದರೆ ದೊಡ್ಡ ಅಪಾಯವಿಲ್ಲ ನಿಜ. ಆದರೆ ಮೂರು ತಿಂಗಳು ಅಂದುಕೊಂಡವರು ಮೂರು ವರ್ಷ ಬಿಟ್ಟು ಬಂದದ್ದನ್ನು ನಾನು ತುಂಬ ನೋಡಿದ್ದೇನೆ.

ಕಡ್ಡಿಗಳು ಯಾಕೆ ಕಡಿಯುತ್ತವೆ? ನಮ್ಮ ಮೂಳೆ ಸದಾ ರಿಪೇರಿಯಲ್ಲೇ ಇರುತ್ತದೆ. ಒಂದು ಗುಂಪಿನ ಜೀವಕೋಶಗಳು ಹಳೆಯದನ್ನು ಕೆರೆದು ತೆಗೆಯುತ್ತವೆ, ಇನ್ನೊಂದು ಗುಂಪು ಹೊಸದನ್ನು ತುಂಬುತ್ತದೆ. ವರ್ಷಕ್ಕೆ ಸುಮಾರು ಶೇಕಡಾ 10ರಷ್ಟು ಮೂಳೆ ಹೀಗೆ ಬದಲಾಗುತ್ತದೆ. ಕೆರೆಯುವವರ ಕೈ ಹಿಡಿದು ನಿಲ್ಲಿಸುವ ಕೆಲಸ ಈಸ್ಟ್ರೊಜೆನ್ ಹಾರ್ಮೋನಿನದು. ಮುಟ್ಟು ನಿಂತಾಗ ಆ ಹಾರ್ಮೋನು ಇಳಿಯುತ್ತದೆ, ಕೆರೆಯುವುದು ಜಾಸ್ತಿಯಾಗುತ್ತದೆ. ತುಂಬುವವರೂ ಓಡಿ ಬರುತ್ತಾರೆ, ಆದರೆ ತೋಡಿದಷ್ಟು ತುಂಬಲು ಆಗುವುದಿಲ್ಲ. ಮೊದಲ ಐದರಿಂದ ಏಳು ವರ್ಷಗಳಲ್ಲಿ ಕೆಲವರು ಶೇಕಡಾ 20ರವರೆಗೂ ಮೂಳೆ ಕಳೆದುಕೊಳ್ಳುತ್ತಾರೆ. ನಿಮಗೆ ಮುಟ್ಟು ನಿಂತು ಒಂಬತ್ತು ವರ್ಷವಾಗಿದೆ. ವೇಗದ ಇಳಿಕೆಯ ಕಾಲ ಹೆಚ್ಚುಕಡಿಮೆ ದಾಟಿದ್ದೀರಿ. ಇನ್ನು ಮುಂದೆ ಇಳಿಯುವುದು ನಿಧಾನ, ಆದರೆ ತಾನಾಗಿ ನಿಲ್ಲುವುದಿಲ್ಲ.

ಈಗ ಅಕ್ಯುಪಂಕ್ಚರ್‌ಗೆ ಬರೋಣ. ಎರಡು ಸಾವಿರ ವರ್ಷ ಹಳೆಯ ಚೀನಾದ ವೈದ್ಯದಲ್ಲಿ ಮೂಳೆಯ ಒಡೆತನ ಮೂತ್ರಪಿಂಡದ್ದು. ಮೂತ್ರಪಿಂಡದ ಶಕ್ತಿ ಕುಂದಿದರೆ ಮಜ್ಜೆ ಒಣಗುತ್ತದೆ, ಮೂಳೆ ಸೋಲುತ್ತದೆ ಅನ್ನುವುದು ಅಲ್ಲಿನ ತಿಳಿವಳಿಕೆ. ಅದಕ್ಕೇ ಸೂಜಿ ಹಾಕುವವರು ಸೊಂಟದ ಹಿಂದೆ, ಬೆನ್ನುಮೂಳೆಯ ಎರಡೂ ಬದಿಗೆ ಇರುವ ಶೆನ್‌ಶು ಅನ್ನುವ ಜಾಗವನ್ನು ಆರಿಸುತ್ತಾರೆ. ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳು ಬಿಟ್ಟು, ಮುಂಗಾಲ ಮೂಳೆಯಿಂದ ಒಂದು ಬೆರಳು ಹೊರಗೆ ಇರುವ ಜೂಸಾನ್‌ಲಿಗೂ ಹಾಕುತ್ತಾರೆ. ಮೂತ್ರಪಿಂಡವೇ ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುತ್ತದೆ ಎಂದು ಇಂದಿನ ವಿಜ್ಞಾನವೂ ಹೇಳುತ್ತದೆ. ಇದನ್ನು ತೋರಿಸಿ, ಹಳಬರು ಹೇಳಿದ್ದೇ ಸರಿಯಾಯಿತಲ್ಲ ಅನ್ನುವವರಿದ್ದಾರೆ. ಹೊಂದಿಕೆ ಚೆನ್ನಾಗಿದೆ, ನನಗೂ ಇಷ್ಟವೇ. ಆದರೆ ಸೊಂಟಕ್ಕೆ ಸೂಜಿ ಹಾಕಿದರೆ ಮೂತ್ರಪಿಂಡ ಜಾಸ್ತಿ ವಿಟಮಿನ್ ಡಿ ತಯಾರಿಸುತ್ತದೆ ಎಂದು ಇದರಿಂದ ಅರ್ಥ ಬರುವುದಿಲ್ಲ.

ಸೂಜಿಗೆ ಹೆದರುವವರಿಗೆ ಒಂದು ಮಾತು. ಇದು ಇಂಜೆಕ್ಷನ್ ಸೂಜಿಯಂತಲ್ಲ. ಒಳಗೆ ತೂತಿಲ್ಲ, ದಪ್ಪ ಸುಮಾರು ಕಾಲು ಮಿಲಿಮೀಟರ್. ಚರ್ಮ ದಾಟುವಾಗ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಸ್ನಾಯುವಿಗೆ ಇಳಿದು ಬೆರಳ ತುದಿಯಲ್ಲಿ ಮೆಲ್ಲಗೆ ತಿರುಗಿಸಿದಾಗ ಒಂದು ಭಾರ, ಸೆಳೆತ, ಜೋಮು ಹಿಡಿದಂಥ ಅನುಭವ ಬರುತ್ತದೆ. ಚಿಕಿತ್ಸಕರು ಕಾಯುವುದು ಅದಕ್ಕೇ. ಅಷ್ಟು ಬಂದ ಮೇಲೆ ಇಪ್ಪತ್ತು, ಮೂವತ್ತು ನಿಮಿಷ ಹಾಗೇ ಮಲಗಿಸುತ್ತಾರೆ. ಬಹಳ ಹೆಂಗಸರಿಗೆ ದಿನದಲ್ಲಿ ಯಾರೂ ಕರೆಯದೆ ಅರ್ಧ ಗಂಟೆ ಮಲಗಲು ಸಿಗುವುದು ಅಲ್ಲೇ. ಅದರ ಗುಣವನ್ನೂ ನಾನು ಹಗುರವಾಗಿ ನೋಡುವುದಿಲ್ಲ.

ಹಾಗಾದರೆ ಆರಾಮ ಸಿಗುವುದು ಸೂಜಿಯಿಂದಲೋ, ಆ ಅರ್ಧ ಗಂಟೆಯಿಂದಲೋ? ಇದನ್ನು ಪತ್ತೆಹಚ್ಚಲು 1998ರಲ್ಲಿ ಜರ್ಮನಿಯ ಸಂಶೋಧಕರು ಒಂದು ಜಾಣ ಸೂಜಿಯನ್ನು ತೋರಿಸಿದರು. ಅದರ ತುದಿ ಮೊಂಡು. ಒತ್ತಿದಾಗ ಚುಚ್ಚಿದಂತೆ ಅನ್ನಿಸುತ್ತದೆ, ಆದರೆ ಸೂಜಿ ತನ್ನ ಹಿಡಿಯೊಳಗೇ ಸರಿದುಕೊಳ್ಳುತ್ತದೆ. ಮಲಗಿದವರಿಗೆ ತಮಗೆ ನಿಜ ಸೂಜಿ ಹಾಕಿದರೋ ಸುಳ್ಳು ಸೂಜಿ ಹಾಕಿದರೋ ತಿಳಿಯುವುದು ಕಷ್ಟ. ಇಂಥ ಸುಳ್ಳು ಸೂಜಿಗಳು ಬಂದ ಮೇಲೆ ಅಕ್ಯುಪಂಕ್ಚರ್ ಬಗ್ಗೆ ಗಂಭೀರವಾಗಿ ಕಲಿಯಲು ಸಾಧ್ಯವಾಯಿತು.

ನಿಮ್ಮ ವಯಸ್ಸಿನವರ ಮೇಲೇ ನಡೆದ ಒಂದು ಪ್ರಯೋಗವಿದೆ. ಆಸ್ಟ್ರೇಲಿಯಾದಲ್ಲಿ, 2016ರಲ್ಲಿ ಪ್ರಕಟವಾಯಿತು. ಮುಟ್ಟು ನಿಲ್ಲುವಾಗಿನ ಬಿಸಿ ಉರಿ, ಬೆವರು ಇದ್ದ 327 ಹೆಂಗಸರಿಗೆ ಹತ್ತು ಸಲ ಚಿಕಿತ್ಸೆ ಕೊಟ್ಟರು. ಅರ್ಧ ಜನಕ್ಕೆ ನಿಜ ಸೂಜಿ, ಅರ್ಧ ಜನಕ್ಕೆ ಚುಚ್ಚದ ಸೂಜಿ. ಎರಡೂ ಗುಂಪಿನಲ್ಲಿ ಉರಿ ಸುಮಾರು ಶೇಕಡಾ 40ರಷ್ಟು ಇಳಿಯಿತು. ವ್ಯತ್ಯಾಸ ಸಿಗಲಿಲ್ಲ. ಜರ್ಮನಿಯಲ್ಲಿ 1,162 ಸೊಂಟನೋವಿನವರ ಮೇಲೆ ನಡೆದು 2007ರಲ್ಲಿ ಹೊರಬಂದ ದೊಡ್ಡ ಪ್ರಯೋಗದಲ್ಲೂ ಇಂಥದ್ದೇ ಕಥೆ. ನಿಜ ಸೂಜಿಯವರಲ್ಲಿ ಶೇಕಡಾ 47.6 ಮಂದಿಗೆ ಗುಣ ಕಂಡಿತು. ಬೇರೆ ಜಾಗದಲ್ಲಿ, ಆಳಕ್ಕಿಳಿಸದೆ ಚುಚ್ಚಿಸಿಕೊಂಡವರಲ್ಲಿ ಶೇಕಡಾ 44.2. ಮಾತ್ರೆ, ವ್ಯಾಯಾಮದ ಮಾಮೂಲು ಚಿಕಿತ್ಸೆಯವರಲ್ಲಿ ಶೇಕಡಾ 27.4 ಮಾತ್ರ. ಈ ಲೆಕ್ಕವನ್ನು ನಾನು ಹೀಗೆ ಓದುತ್ತೇನೆ. ಸೂಜಿಯ ಜಾಗ ನಿಖರವಾಗಿರಬೇಕು ಅನ್ನುವುದಕ್ಕೆ ಹೆಚ್ಚು ಬಲವಿಲ್ಲ. ಆದರೆ ಆ ಇಡೀ ಚಿಕಿತ್ಸೆಯಲ್ಲಿ ನೋವಿನವರಿಗೆ ನಿಜವಾದ ಆರಾಮ ಸಿಗುತ್ತದೆ. ಅದನ್ನು ಸುಳ್ಳು ಅನ್ನುವ ಹಕ್ಕು ನನಗಿಲ್ಲ.

ಆದರೆ ನೋವು, ಬಿಸಿ ಉರಿ ಇವೆಲ್ಲ ಮನಸ್ಸು ಮತ್ತು ನರಗಳ ಮೂಲಕ ಏರಿಳಿಯುವ ಸಂಗತಿಗಳು. ಕಡಿದುಹೋದ ಅಡ್ಡ ಕಡ್ಡಿ ಹಾಗಲ್ಲ. ಒಂದು ಚಿಕಿತ್ಸೆ ನೋವಿಗೆ ಹಿಡಿಸಿತು ಎಂದ ಮಾತ್ರಕ್ಕೆ ಮೂಳೆಗೂ ಹಿಡಿಸುತ್ತದೆ ಎಂದು ನಂಬುವ ಹಾಗಿಲ್ಲ, ಅದನ್ನು ಬೇರೆಯಾಗಿಯೇ ತೋರಿಸಿಕೊಡಬೇಕು.

ತೋರಿಸಿದ್ದಾರಾ? ಪ್ರಯತ್ನಗಳು ಬೇಕಾದಷ್ಟಿವೆ. ಅಂಡಾಶಯ ತೆಗೆದ ಇಲಿಗಳಿಗೆ ಕರೆಂಟ್ ಹಾಯಿಸಿದ ಸೂಜಿ ಹಾಕಿ ಮೂಳೆ ನಷ್ಟ ತಗ್ಗಿತು ಎಂದ ಪ್ರಯೋಗಗಳಿವೆ. ಇಲಿಯ ಕಾಲು ತೀರಾ ಸಣ್ಣದು. ಕರೆಂಟ್ ಹಾಯಿಸಿದರೆ ಸ್ನಾಯು ಅದುರುತ್ತದೆ, ಸ್ನಾಯು ಎಳೆದರೆ ಮೂಳೆಗೆ ಕೆಲಸ ಸಿಗುತ್ತದೆ. ಹಾಗಾಗಿ ಇಲಿಯಲ್ಲಿ ಫಲ ಕಂಡದ್ದು ಅಕ್ಯುಪಂಕ್ಚರಿಂದಲೋ, ವ್ಯಾಯಾಮದಂಥ ಎಳೆತದಿಂದಲೋ ಎಂಬ ಪ್ರಶ್ನೆ ಉಳಿಯುತ್ತದೆ. ಹೆಂಗಸರ ಮೇಲಿನ ಪ್ರಯೋಗಗಳು ಬಹುಪಾಲು ಚೀನಾದಲ್ಲಿ ನಡೆದವು. ಅವುಗಳಲ್ಲಿ ಹೆಚ್ಚಿನವು ಸಣ್ಣವು, ಕೆಲವೇ ತಿಂಗಳಿನವು. ಸೂಜಿಯ ಜೊತೆಗೆ ಕ್ಯಾಲ್ಸಿಯಂ ಅಥವಾ ಬೇರೆ ಔಷಧವೂ ಸೇರಿರುವುದು ಮಾಮೂಲು. ಸಾಂದ್ರತೆ ಏರಿತು, ಬೆನ್ನುನೋವು ಇಳಿಯಿತು ಎಂದು ಬಹಳಷ್ಟು ವರದಿಗಳು ಹೇಳುತ್ತವೆ. ಅವನ್ನೆಲ್ಲ ಒಟ್ಟು ಹಾಕಿ ತೂಗಿದವರು ಮತ್ತೆ ಮತ್ತೆ ಹೇಳಿದ್ದು, ಉಪಯೋಗವಾಗಬಹುದೇನೋ, ಆದರೆ ಪ್ರಯೋಗಗಳ ಗುಣಮಟ್ಟ ಸಾಲದು ಎಂದು. ಇನ್ನೊಂದು ಮಾತು. ಬೇರೆ ಬೇರೆ ದೇಶಗಳ ಅಕ್ಯುಪಂಕ್ಚರ್ ಪ್ರಯೋಗಗಳನ್ನು 1998ರಲ್ಲಿ ಹೋಲಿಸಿ ನೋಡಿದಾಗ, ಚೀನಾದಿಂದ ಬಂದ ಅಷ್ಟೂ ವರದಿಗಳಲ್ಲಿ ಚಿಕಿತ್ಸೆ ಗೆದ್ದೇ ಇತ್ತು. ಒಂದೂ ಸೋಲದ ಚಿಕಿತ್ಸೆ ಲೋಕದಲ್ಲಿ ಯಾವುದೂ ಇಲ್ಲ. ಸೋತ ಪ್ರಯೋಗಗಳು ಅಚ್ಚಾಗಲಿಲ್ಲ ಅಂತಲೇ ತಿಳಿಯಬೇಕಾಗುತ್ತದೆ.

ನಿಮಗೆ ಹೇಳಿದ ಆ ‘ಮೂರು ತಿಂಗಳು’ ನನ್ನನ್ನು ಕಾಡುತ್ತದೆ. ಡೆಕ್ಸಾ ಮೇಜಿನ ಮೇಲೆ ನಿಮ್ಮನ್ನು ಮಲಗಿಸಿ ಸ್ಕ್ಯಾನ್ ಮಾಡಿ, ಎಬ್ಬಿಸಿ ಐದು ನಿಮಿಷ ಓಡಾಡಿಸಿ, ಮತ್ತೆ ಮಲಗಿಸಿ ಸ್ಕ್ಯಾನ್ ಮಾಡಿದರೆ ಏನಾಗುತ್ತದೆ ಗೊತ್ತೇ? ಸಂಖ್ಯೆ ಶೇಕಡಾ 1ರಿಂದ 2ರಷ್ಟು ಆಚೀಚೆ ಆಗುತ್ತದೆ. ಸೊಂಟ ಒಂಚೂರು ತಿರುಗಿದರೂ ಸಾಕು. ಹಾಗಾಗಿ ಎರಡು ಸ್ಕ್ಯಾನ್‌ಗಳ ನಡುವೆ ಸುಮಾರು ಶೇಕಡಾ 3ರಿಂದ 5ರಷ್ಟು ವ್ಯತ್ಯಾಸ ಬಂದರೆ ಮಾತ್ರ ನಾವು ಅದನ್ನು ನಿಜವಾದ ಬದಲಾವಣೆ ಎಂದು ಒಪ್ಪುತ್ತೇವೆ. ಒಳ್ಳೆಯ ಔಷಧ ತೆಗೆದುಕೊಂಡರೂ ಅಷ್ಟು ಕಾಣಲು ಒಂದೆರಡು ವರ್ಷ ಬೇಕು. ಮೂಳೆಯ ಒಂದು ಸಣ್ಣ ತುಣುಕನ್ನು ತೆಗೆದು ತುಂಬುವ ಕೆಲಸಕ್ಕೇ ಮೂರು, ನಾಲ್ಕು ತಿಂಗಳು ಹಿಡಿಯುತ್ತದೆ. ಮೂರು ತಿಂಗಳ ಕೊನೆಗೆ ಸ್ಕ್ಯಾನ್ ಮಾಡಿಸಿ ‘ನೋಡಿ, ಮೈನಸ್ 2.8 ಇದ್ದದ್ದು ಮೈನಸ್ 2.6 ಆಯಿತು’ ಎಂದರೆ, ಅದು ನೀವು ಮಲಗಿದ ರೀತಿಯ ವ್ಯತ್ಯಾಸವೂ ಇರಬಹುದು. ವಯಸ್ಸಾದಂತೆ ಬೆನ್ನುಮೂಳೆಯ ಅಂಚಿನಲ್ಲಿ ಮೂಳೆ ಬೆಳೆದಿರುತ್ತದೆ, ಅದೂ ಸೇರಿ ಸಂಖ್ಯೆ ಮೇಲೇರುವುದುಂಟು. ಆ ಸಂಖ್ಯೆ ನಂಬಿ ಮಾತ್ರೆ ಬಿಟ್ಟರೆ ಕಷ್ಟ.

ಸಾಂದ್ರತೆ ನಿಜವಾಗಿ ಏರಿದರೂ ಅಷ್ಟಕ್ಕೇ ಖುಷಿಪಡುವಂತಿಲ್ಲ. ಇದನ್ನು ನಮ್ಮ ವೈದ್ಯಲೋಕ ಕಲಿತದ್ದು ಫ್ಲೋರೈಡ್‌ನಿಂದ. ಒಂದು ಕಾಲದಲ್ಲಿ ಮೂಳೆ ಟೊಳ್ಳಾದವರಿಗೆ ಸೋಡಿಯಂ ಫ್ಲೋರೈಡ್ ಕೊಡುತ್ತಿದ್ದರು. ಅಮೆರಿಕದಲ್ಲಿ 202 ಹೆಂಗಸರ ಮೇಲೆ ನಾಲ್ಕು ವರ್ಷ ನಡೆದ ಪ್ರಯೋಗ 1990ರಲ್ಲಿ ಪ್ರಕಟವಾಯಿತು. ಬೆನ್ನುಮೂಳೆಯ ಸಾಂದ್ರತೆ ಶೇಕಡಾ 35ರಷ್ಟು ಏರಿತ್ತು. ಇವತ್ತಿಗೂ ಬೆರಗಾಗುವಂಥ ಏರಿಕೆ ಅದು. ಆದರೆ ಬೆನ್ನುಮೂಳೆ ಮುರಿಯುವುದು ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ಕೈಕಾಲು, ಸೊಂಟದಂಥ ಬೇರೆ ಕಡೆ ಮುರಿತ ಇನ್ನೂ ಜಾಸ್ತಿಯಾಯಿತು. ಮೂಳೆ ದಟ್ಟವಾಗಿತ್ತು, ಗಟ್ಟಿಯಾಗಿರಲಿಲ್ಲ. ಅಂದಿನಿಂದ ಯಾವ ಚಿಕಿತ್ಸೆಗೂ ನಾವು ಮೊದಲು ಕೇಳುವ ಪ್ರಶ್ನೆ ಒಂದೇ: ಮೂಳೆ ಮುರಿಯುವುದು ಕಡಿಮೆಯಾಯಿತೇ? ಅಕ್ಯುಪಂಕ್ಚರ್‌ನಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವಂಥ, ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ನೋಡಿಕೊಂಡ ಪ್ರಯೋಗ ಇಲ್ಲ. ನಿಮಗೆ ಬರೆದುಕೊಟ್ಟ ಮಾತ್ರೆಗೆ ಇದೆ.

ಆ ಲೆಕ್ಕವನ್ನು ಶೇಕಡಾವಾರು ಇಳಿಕೆಯ ದೊಡ್ಡ ಮಾತಿನಲ್ಲಿ ಹೇಳದೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಆಗಲೇ ಬೆನ್ನುಮೂಳೆಯ ಒಂದು ಮಣಿಯಾದರೂ ಕುಸಿದಿದ್ದ 2,027 ಹೆಂಗಸರಿಗೆ ಅಲೆಂಡ್ರೊನೇಟ್ ಅಥವಾ ಬರೀ ಸಕ್ಕರೆ ಮಾತ್ರೆ ಕೊಟ್ಟು ಮೂರು ವರ್ಷ ನೋಡಿದರು. 1996ರ ವರದಿ. ಸಕ್ಕರೆ ಮಾತ್ರೆಯವರಲ್ಲಿ 100ಕ್ಕೆ 15 ಮಂದಿಗೆ ಬೆನ್ನುಮೂಳೆ ಹೊಸದಾಗಿ ಕುಸಿಯಿತು, ಔಷಧದವರಲ್ಲಿ 8 ಮಂದಿಗೆ. ಸೊಂಟದ ಮೂಳೆ (ತೊಡೆ ಸೊಂಟಕ್ಕೆ ಸೇರುವ ಕಡೆ) ಮುರಿದದ್ದು 100ಕ್ಕೆ ಸುಮಾರು 2ರಿಂದ 1ಕ್ಕೆ ಇಳಿಯಿತು. ಮಾತ್ರೆ ತೆಗೆದುಕೊಂಡವರಿಗೂ ಮುರಿಯಿತಲ್ಲ ಅನ್ನಬಹುದು. ಹೌದು, ಪೂರ್ತಿ ತಡೆಯುವ ಔಷಧ ಯಾವುದೂ ಇಲ್ಲ. ಆದರೆ ಸೊಂಟದ ಮೂಳೆ ಮುರಿದ ವಯಸ್ಸಾದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲೂ ಎಷ್ಟೋ ಜನ ಮೊದಲಿನಂತೆ ಒಬ್ಬರೇ ನಡೆದಾಡಲು ಆಗದೆ ಉಳಿಯುತ್ತಾರೆ. ಆ ಎರಡನ್ನು ಒಂದಕ್ಕೆ ಇಳಿಸುವುದು ಸಣ್ಣ ಕೆಲಸವೇ?

ದವಡೆಯ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಅಂಥ ತೊಂದರೆ ಇದೆ. ಆದರೆ ಅದನ್ನು ಹೆಚ್ಚಾಗಿ ಕಂಡದ್ದು ಕ್ಯಾನ್ಸರ್ ಮೂಳೆಗೆ ಹರಡಿ, ಇದೇ ಬಗೆಯ ಔಷಧವನ್ನು ಬಹಳ ದೊಡ್ಡ ಪ್ರಮಾಣದಲ್ಲಿ, ಪದೇ ಪದೇ ರಕ್ತನಾಳಕ್ಕೆ ತೆಗೆದುಕೊಂಡವರಲ್ಲಿ. ನಿಮ್ಮಂತೆ ಆಸ್ಟಿಯೋಪೊರೋಸಿಸ್‌ಗೆ ತೆಗೆದುಕೊಳ್ಳುವವರಲ್ಲಿ ಅದು ವರ್ಷಕ್ಕೆ 10,000ದಲ್ಲಿ ಒಬ್ಬರಿಂದ 1,00,000ದಲ್ಲಿ ಒಬ್ಬರಿಗೆ ಆಗುವಂಥದ್ದು. ಹಲ್ಲು ಕೀಳಿಸುವುದು, ಇಂಪ್ಲಾಂಟ್ ಹಾಕಿಸುವುದು ಬಾಕಿ ಇದ್ದರೆ ಅದನ್ನು ಮುಗಿಸಿ ಮಾತ್ರೆ ಶುರು ಮಾಡಿದರೆ ಆ ಸಣ್ಣ ಅಪಾಯವೂ ಇನ್ನಷ್ಟು ತಗ್ಗುತ್ತದೆ. ತೊಡೆಯ ಮೂಳೆ ಅಡ್ಡಕ್ಕೆ ಬಿರುಕು ಬಿಡುವ ಇನ್ನೊಂದು ಅಪರೂಪದ ತೊಂದರೆಯೂ ಇದೆ. ಅದು ಹೆಚ್ಚಾಗಿ ಬಹಳ ವರ್ಷ ಮಾತ್ರೆ ನುಂಗಿದವರಲ್ಲಿ. ತೊಡೆಯಲ್ಲೋ ತೊಡೆಸಂದಿಯಲ್ಲೋ ಕಾರಣವಿಲ್ಲದ ನೋವು ಶುರುವಾದರೆ ತಡಮಾಡದೆ ಹೇಳಬೇಕು. ಇದಕ್ಕಾಗಿಯೇ ಐದು ವರ್ಷದ ಹೊತ್ತಿಗೆ ನಿಂತು ಯೋಚಿಸಿ, ಕೆಲವರಿಗೆ ಮಾತ್ರೆಗೆ ಬಿಡುವು ಕೊಡುತ್ತೇವೆ. ಈ ಔಷಧ ಮೂಳೆಯಲ್ಲೇ ಕೂತಿರುತ್ತದೆ, ನಿಲ್ಲಿಸಿದ ಮೇಲೂ ಸ್ವಲ್ಪ ಕಾಲ ಅದನ್ನು ಕಾಪಾಡುತ್ತದೆ.

ಎಲ್ಲ ಔಷಧಕ್ಕೂ ಈ ಗುಣವಿಲ್ಲ. ಇಲ್ಲಿ ನನ್ನ ಮನಸ್ಸಿನಿಂದ ಹೋಗದ ಒಂದು ಘಟನೆ ಹೇಳಬೇಕು.

ಕೆಲವು ವರ್ಷಗಳ ಹಿಂದಿನ ಮಾತು. 66 ವರ್ಷದ ಒಬ್ಬರು ನಾಲ್ಕು ವರ್ಷದಿಂದ ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರು. ಒಳ್ಳೆಯ ಔಷಧ. 7,868 ಹೆಂಗಸರ ಮೇಲಿನ ಪ್ರಯೋಗದಲ್ಲಿ ಮೂರು ವರ್ಷದಲ್ಲಿ ಹೊಸ ಬೆನ್ನುಮೂಳೆ ಮುರಿತವನ್ನು ಶೇಕಡಾ 68ರಷ್ಟು ತಗ್ಗಿಸಿತ್ತು. ಇವರಿಗೂ ಚೆನ್ನಾಗಿ ಹಿಡಿಸಿತ್ತು. ನಡುವೆ ಸೊಂಟ ಹಿಡಿದುಕೊಂಡಿತು ಎಂದು ಅಕ್ಯುಪಂಕ್ಚರ್‌ಗೆ ಹೋದರು. ನೋವು ಇಳಿಯಿತು. ಇಂಜೆಕ್ಷನ್‌ಗೆ ಬರಬೇಕಾದ ತಿಂಗಳು ಬರಲಿಲ್ಲ. ಫೋನ್ ಮಾಡಿದಾಗ ಅವರು ಅಂದದ್ದು: ‘ವಾರವಾರ ಸೂಜಿ ಹಾಕಿಸಿಕೊಳ್ಳುತ್ತಾ ಇದ್ದೀನಲ್ಲ, ಮತ್ತೆ ಇದೊಂದು ಸೂಜಿ ಯಾಕೆ?’

ನಮ್ಮಲ್ಲಿ ಇಂಜೆಕ್ಷನ್ನೂ ಸೂಜಿಯೇ, ಅಕ್ಯುಪಂಕ್ಚರ್ರೂ ಸೂಜಿಯೇ. ಅವರ ಪಾಲಿಗೆ ಒಂದರ ಬದಲು ಇನ್ನೊಂದು. ನಮ್ಮ ಕಡೆಯಿಂದ ಫೋನ್ ಮಾಡಿದವರು ಸರಿ ಎಂದು ಗುರುತು ಹಾಕಿಕೊಂಡರು, ವಿಷಯ ನನ್ನ ತನಕ ಬರಲಿಲ್ಲ. ಕೊನೆಯ ಇಂಜೆಕ್ಷನ್ ಆಗಿ ಹನ್ನೊಂದು ತಿಂಗಳಿಗೆ, ಬಗ್ಗಿ ಅರ್ಧ ಬಕೆಟ್ ನೀರು ಎತ್ತುವಾಗ ಬೆನ್ನಲ್ಲಿ ಏನೋ ಕುಸಿದಂತಾಯಿತಂತೆ. ಅವರು ಒಳಗೆ ಬರುವಾಗ ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎಕ್ಸ್‌ರೇಯಲ್ಲಿ ಮೂರು ಮಣಿಗಳು ಮುಂದಿನಿಂದ ಚಪ್ಪಟೆಯಾಗಿದ್ದವು, ಒಂದು ಬದಿ ಒತ್ತಿದ ಮಣ್ಣಿನ ಇಟ್ಟಿಗೆಯಂತೆ.

ಸೂಜಿಯಿಂದ ಆದದ್ದಲ್ಲ ಅದು. ಡೆನೊಸುಮ್ಯಾಬ್‌ನ ಸ್ವಭಾವವೇ ಹಾಗೆ. ಮೂಳೆ ಕೆರೆಯುವ ಜೀವಕೋಶಗಳು ಹುಟ್ಟದಂತೆ ಅದು ತಡೆದಿರುತ್ತದೆ, ಆದರೆ ಮೂಳೆಯಲ್ಲಿ ಉಳಿಯುವುದಿಲ್ಲ. ಆರು ತಿಂಗಳು ದಾಟಿತೋ, ತಡೆದಿಟ್ಟ ಕೆಲಸವೆಲ್ಲ ಒಟ್ಟಿಗೆ ಶುರುವಾಗುತ್ತದೆ. ಮೊದಲಿಗಿಂತ ಜೋರಾಗಿ. ವರ್ಷಗಟ್ಟಲೆ ಗಳಿಸಿದ್ದು ಒಂದೆರಡು ವರ್ಷದಲ್ಲಿ ಹೋಗುತ್ತದೆ, ಕೆಲವರಲ್ಲಿ ಒಂದಕ್ಕಿಂತ ಹೆಚ್ಚು ಮಣಿ ಒಟ್ಟಿಗೇ ಕುಸಿಯುತ್ತವೆ. ನಿಲ್ಲಿಸಲೇಬೇಕಾದರೆ ಅದರ ಬೆನ್ನಿಗೇ ಬೇರೆ ಔಷಧ ಕೊಡಬೇಕು. ಇದನ್ನು ಮೊದಲ ದಿನವೇ ಅವರಿಗೆ ಮನದಟ್ಟು ಮಾಡಿಸಬೇಕಾಗಿದ್ದವನು ನಾನು. ಈಗ ಡೆನೊಸುಮ್ಯಾಬ್ ಶುರು ಮಾಡುವ ಪ್ರತಿಯೊಬ್ಬರಿಗೂ ಮುಂದಿನ ತಾರೀಕನ್ನು ಕೈಯಲ್ಲಿ ಬರೆದು ಕೊಡುತ್ತೇನೆ. ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಸುತ್ತೇನೆ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಆ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ, ಅಕ್ಯುಪಂಕ್ಚರ್ ಇರಲಿ, ಬೇರೆ ಏನೇ ಇರಲಿ, ಅದಕ್ಕಾಗಿ ತಾರೀಕು ತಪ್ಪಿಸಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ‘ಹೋಗಿ’ ಎಂದು ಯಾಕೆ ಬರೆದೆ ಎಂದು ನೀವು ಕೇಳಬಹುದು. ಮುರಿದ ಮೇಲೆ ತಿಂಗಳುಗಟ್ಟಲೆ ಉಳಿಯುವ ಬೆನ್ನುನೋವಿಗೆ, ಮಂಡಿಗೆ, ಕುತ್ತಿಗೆಗೆ ನೋವಿನ ಮಾತ್ರೆ ಜಾಸ್ತಿ ನುಂಗಿ ಹೊಟ್ಟೆ, ಮೂತ್ರಪಿಂಡ ಕೆಡಿಸಿಕೊಳ್ಳುವ ಬದಲು ಸೂಜಿಯಿಂದ ಸ್ವಲ್ಪ ಆರಾಮ ಸಿಗುವುದಾದರೆ ನನಗೆ ಸಂತೋಷವೇ. ನೋವು ಕಡಿಮೆಯಾದರೆ ನಡೆಯುತ್ತೀರಿ. ನಡೆದರೆ ಸ್ನಾಯು ಉಳಿಯುತ್ತದೆ, ಬೀಳುವುದು ತಗ್ಗುತ್ತದೆ. ಅಪಾಯವೂ ಕಡಿಮೆ. ಜರ್ಮನಿಯಲ್ಲಿ 97,733 ಮಂದಿಯನ್ನು ಗಮನಿಸಿದಾಗ 100ಕ್ಕೆ 7 ಮಂದಿಯಲ್ಲಿ ನೋವು, ರಕ್ತ ಹೆಪ್ಪುಗಟ್ಟಿದ ಕಲೆಯಂಥ ಸಣ್ಣಪುಟ್ಟ ತೊಂದರೆ ಕಂಡಿತು. ಗಂಭೀರ ಅನ್ನಬಹುದಾದದ್ದು ಒಟ್ಟು ಆರು. ಅದರಲ್ಲಿ ಎರಡು, ಶ್ವಾಸಕೋಶಕ್ಕೆ ಸೂಜಿ ತಾಗಿ ಗಾಳಿ ಸೋರಿದ್ದು.

ಹೋದಾಗ ಮೊದಲು ಹೇಳಬೇಕಾದದ್ದು ‘ನನಗೆ ಮೂಳೆ ಸವೆತ’ ಎಂದಲ್ಲ, ‘ನನ್ನ ಮೂಳೆ ಸುಲಭಕ್ಕೆ ಮುರಿಯುವಂಥದ್ದು’ ಎಂದು. ಯಾಕೆಂದರೆ ಕೆಲವು ಕಡೆ ಸೂಜಿಯ ಜೊತೆಗೆ ಬೆನ್ನು ತುಳಿಯುವುದು, ಸೊಂಟ ತಿರುಚಿ ‘ಲಟಕ್’ ಅನ್ನಿಸುವುದು ಸೇರಿರುತ್ತದೆ. ಅದು ಬೇಡವೇ ಬೇಡ. ನನಗೆ ಸೂಜಿಗಿಂತ ಜಾಸ್ತಿ ಹೆದರಿಕೆ ಆ ತಿರುಚುವಿಕೆಯದ್ದು. ರಕ್ತ ತೆಳುಮಾಡುವ ಮಾತ್ರೆ ಇದ್ದರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ತಪ್ಪದೆ ಹೇಳಿ. ಪೇಸ್‌ಮೇಕರ್ ಇದ್ದವರಿಗೆ ಕರೆಂಟ್ ಹಾಯಿಸುವ ಸೂಜಿ ಆಗುವುದಿಲ್ಲ. ನಿಮ್ಮ ಕಣ್ಣೆದುರೇ ಹೊಸ ಪ್ಯಾಕೆಟ್ ಒಡೆದ ಸೂಜಿ ಬಳಸಲಿ. ಬೋರಲು ಮಲಗಿಸಿದರೆ ಹೊಟ್ಟೆಯ ಕೆಳಗೆ ತೆಳುವಾದ ದಿಂಬು ಕೇಳಿ. ಏಳುವಾಗ ನೇರ ಎದ್ದು ಕೂರಬೇಡಿ. ಒಂದು ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈಯೂರಿ ಏಳಿ. ಎದ್ದ ತಕ್ಷಣ ಕೆಲವರಿಗೆ ತಲೆ ಸುತ್ತುತ್ತದೆ. ಮೂಳೆ ಟೊಳ್ಳಾದವರು ಬೀಳಬಾರದು, ಎರಡು ನಿಮಿಷ ಕೂತೇ ಇರಿ.

ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ ಬಿಡುವು ಮಾಡಿಕೊಳ್ಳಲು ನೀವು ತಯಾರಿದ್ದೀರಿ ಎಂದು ಪ್ರಶ್ನೆಯಿಂದ ಗೊತ್ತಾಯಿತು. ಹಾಗಿದ್ದರೆ ಅಷ್ಟೇ ಸಮಯದ ಇನ್ನೊಂದು ಪ್ರಯೋಗದ ಬಗ್ಗೆ ಕೇಳಿ. ಆಸ್ಟ್ರೇಲಿಯಾದಲ್ಲೇ, ಮುಟ್ಟು ನಿಂತ, ಮೂಳೆ ಕ್ಷೀಣಿಸಿದ 101 ಹೆಂಗಸರಲ್ಲಿ ಒಂದು ಗುಂಪಿಗೆ ವಾರಕ್ಕೆ ಎರಡು ಸಲ, ತಲಾ 30 ನಿಮಿಷ ಭಾರ ಎತ್ತಿಸಿದರು. ಪಕ್ಕದಲ್ಲೇ ತರಬೇತುದಾರರು ನಿಂತಿದ್ದರು. ಎಂಟು ತಿಂಗಳಲ್ಲಿ ಅವರ ಬೆನ್ನುಮೂಳೆಯ ಸಾಂದ್ರತೆ ಶೇಕಡಾ 2.9 ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಶೇಕಡಾ 1.2 ಇಳಿಯಿತು. ಮೂಳೆಗೆ ಅರ್ಥವಾಗುವ ಭಾಷೆ ಭಾರ. ನಿಮಗೂ ಇದು ಆಗಬಹುದು, ಆದರೆ ನಾಳೆ ಬೆಳಿಗ್ಗೆಯೇ ಭಾರ ಎತ್ತಲು ಹೋಗಬೇಡಿ. ಮೊದಲು ಪಕ್ಕದಿಂದ ತೆಗೆದ ಬೆನ್ನಿನ ಒಂದು ಎಕ್ಸ್‌ರೇ ಆಗಬೇಕು. ಗೊತ್ತಿಲ್ಲದೆ ಯಾವುದಾದರೂ ಮಣಿ ಕುಸಿದಿದ್ದರೆ ಮುಂದಕ್ಕೆ ಬಗ್ಗುವ, ತಿರುಚುವ ಕಸರತ್ತು ನಿಮಗಲ್ಲ. ಹಾಗೇ ಗೋಡೆಗೆ ಬೆನ್ನುಕೊಟ್ಟು ನಿಂತು ಎತ್ತರ ಅಳೆಸಿಕೊಳ್ಳಿ. ಹರೆಯದಲ್ಲಿದ್ದ ಎತ್ತರಕ್ಕಿಂತ 4 ಸೆಂಟಿಮೀಟರ್ ಅಥವಾ ಹೆಚ್ಚು ಇಳಿದಿದ್ದರೆ ಆ ಎಕ್ಸ್‌ರೇ ಇನ್ನೂ ಬೇಗ ಆಗಲಿ.

ಈ ವಾರ ಹಲ್ಲಿನ ಡಾಕ್ಟರ ಹತ್ತಿರ ಒಮ್ಮೆ ತೋರಿಸಿ. ರಕ್ತದಲ್ಲಿ ವಿಟಮಿನ್ ಡಿ, ಕ್ಯಾಲ್ಸಿಯಂ ಮತ್ತು ಮೂತ್ರಪಿಂಡದ ಪರೀಕ್ಷೆ ಆಗಿರದಿದ್ದರೆ ಮಾಡಿಸಿ. ಎಲ್ಲ ಸರಿಯಿದ್ದರೆ ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಳ್ಳಿ. ಬೆಳಿಗ್ಗೆ ಎದ್ದು, ಬಾಯಿಗೆ ಬೇರೇನೂ ಹಾಕುವ ಮೊದಲು ಮಾತ್ರೆಯನ್ನು ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ ನುಂಗಿ. ಅರ್ಧ ಗಂಟೆ ಮಲಗಬೇಡಿ, ಏನೂ ತಿನ್ನಬೇಡಿ, ಇಲ್ಲದಿದ್ದರೆ ಅದು ಅನ್ನನಾಳ ಸುಡುತ್ತದೆ, ಮೈಗೂ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆ ಸೇರಿಸದೆ ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ನುಂಗಲು ಕಷ್ಟ, ಎದೆಯುರಿ ಜಾಸ್ತಿ ಅನ್ನಿಸಿದರೆ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೊಲೆಡ್ರೊನಿಕ್ ಆಸಿಡ್ ಇದೆ, ಅದರ ಬಗ್ಗೆ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ಮುಂದಿನ ಸ್ಕ್ಯಾನ್ ಒಂದೆರಡು ವರ್ಷ ಬಿಟ್ಟು, ಇದೇ ಜಾಗದಲ್ಲಿ, ಸಾಧ್ಯವಾದರೆ ಇದೇ ಯಂತ್ರದಲ್ಲಿ. ನಡುವೆ ಯಾರಾದರೂ ಮೂರು ತಿಂಗಳಿಗೇ ಸ್ಕ್ಯಾನ್ ಮಾಡಿಸಿ ನೋಡಿ ಅಂದರೆ, ಆ ಹಣವನ್ನು ಎಕ್ಸ್‌ರೇಗೆ ಇಟ್ಟುಕೊಳ್ಳಿ.